ಚಳಿಗಾಲದಲ್ಲಿ ದುರ್ಗಕ್ಕೆ ಎರಡು ದಿನ: ಬ್ಯಾಗಿಗೆ ಏನು ಹಾಕಬೇಕು, ಕೋಟೆ ಹೇಗೆ ಹತ್ತಬೇಕು

ಚಿತ್ರದುರ್ಗದ ಚಳಿ ಬೆಳಿಗ್ಗೆ ಒಂಬತ್ತರವರೆಗೆ ಮಾತ್ರ. ಆಮೇಲೆ ಬಿಸಿಲು. ಹೊತ್ತು ಮುಳುಗಿದ ಮೇಲೆ ಮತ್ತೆ ಚಳಿ. ಡಿಸೆಂಬರ್, ಜನವರಿಯಲ್ಲಿ ಕೋಟೆ ನೋಡೋಕೆ ಬರ್ತೀವಿ ಅಂತ ಫೋನ್ ಮಾಡುವ ನೆಂಟರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಆದರೂ ಬೆಂಗಳೂರಿನವರು ಎರಡೆರಡು ಸ್ವೆಟರ್ ತುಂಬಿಕೊಂಡು ಬರುತ್ತಾರೆ, ಹನ್ನೊಂದು ಗಂಟೆಗೆ ಅದನ್ನೆಲ್ಲ ಸೊಂಟಕ್ಕೆ ಕಟ್ಟಿಕೊಂಡು ಬಂಡೆ ಮೇಲೆ ಒದ್ದಾಡುತ್ತಾರೆ. ರಾಯಚೂರು, ಕಲಬುರಗಿ ಕಡೆಯವರು ಏನೂ ತರುವುದಿಲ್ಲ, ಬೆಳಗಿನ ಜಾವ ಬಸ್ ಇಳಿದು ನಡುಗುತ್ತಾರೆ.

ನಾನು ಹುಟ್ಟಿದ್ದು ದಾವಣಗೆರೆಯಲ್ಲಿ, ಅಜ್ಜಿ ಮನೆ ದುರ್ಗದಲ್ಲಿ. ಚಿಕ್ಕಂದಿನಿಂದ ಎಷ್ಟು ಸಲ ಆ ಕೋಟೆ ಹತ್ತಿದ್ದೇನೋ ಲೆಕ್ಕ ಇಟ್ಟಿಲ್ಲ. ಈಗಲೂ ಬಂದವರನ್ನೆಲ್ಲ ನಾನೇ ಕರೆದುಕೊಂಡು ಹೋಗುತ್ತೇನೆ. ಎರಡು ದಿನ, ಒಂದು ರಾತ್ರಿ ಇದ್ದರೆ ದುರ್ಗವನ್ನು ಸಮಾಧಾನವಾಗಿ ನೋಡಿ, ವಾಪಸ್ ಹೋಗುವಾಗ ದಾವಣಗೆರೆಯಲ್ಲಿ ದೋಸೆ ತಿಂದು ರೈಲು ಹತ್ತಬಹುದು. ಅದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ದಿನ ಆರಿಸಿಕೊಳ್ಳಿ

ನವೆಂಬರ್ ಕೊನೆಯಿಂದ ಜನವರಿ ಕೊನೆಯವರೆಗೆ ಒಳ್ಳೆಯ ಸಮಯ. ಬೆಳಗಿನ ಜಾವ ಹದಿನೈದು ಹದಿನಾರು ಡಿಗ್ರಿ ಆಸುಪಾಸು, ಮಧ್ಯಾಹ್ನ ಮೂವತ್ತರ ಹತ್ತಿರ. ಫೆಬ್ರವರಿ ಅರ್ಧ ಕಳೆದರೆ ಬಂಡೆ ಕಾಯೋಕೆ ಶುರು. ಮಾರ್ಚಿನಲ್ಲಿ ಕೋಟೆಗೆ ಬರಬೇಡಿ ಅಂತಲೇ ನಾನು ಹೇಳುತ್ತೇನೆ, ಮುಖ್ಯವಾಗಿ ವಯಸ್ಸಾದವರು ಜೊತೆಗಿದ್ದರೆ.

ಒಂದು ವಿಷಯ ಗಮನದಲ್ಲಿಡಿ. ಈ ಕಾಲ ಶಾಲಾ ಪ್ರವಾಸದ ಕಾಲವೂ ಹೌದು. ಹತ್ತು ಗಂಟೆ ಆಗುತ್ತಿದ್ದ ಹಾಗೆ ಬಸ್ಸುಗಟ್ಟಲೆ ಮಕ್ಕಳು ಬಂದು ಇಳಿಯುತ್ತಾರೆ. ಮಕ್ಕಳ ಗಲಾಟೆ ಚೆಂದವೇ, ಅವರಿಗಾಗಿಯೇ ಇರುವ ಜಾಗ ಅದು. ಆದರೆ ಓಬವ್ವನ ಕಿಂಡಿಯ ಮುಂದೆ ಇನ್ನೂರು ಮಕ್ಕಳ ಸಾಲು ಇದ್ದಾಗ ನೀವು ಅಲ್ಲಿ ನಿಂತು ಏನನ್ನೂ ನೋಡೋಕೆ ಆಗಲ್ಲ. ವಾರದ ಮಧ್ಯದ ದಿನ ಆರಿಸಿ, ಬೆಳಿಗ್ಗೆ ಬೇಗ ಹೋಗಿ. ಸರ್ಕಾರಿ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ ಇರುತ್ತದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಬ್ಯಾಗ್ ಕಟ್ಟುವಾಗ

ಚಳಿಗೆ ಅಂತ ಅಲ್ಲ, ಬಂಡೆಗೆ ಅಂತ ಬ್ಯಾಗ್ ಕಟ್ಟಿ. ಅಂದರೆ ಮೊದಲು ಯೋಚನೆ ಮಾಡಬೇಕಾದ್ದು ಕಾಲಿನ ಬಗ್ಗೆ.

ಕೋಟೆಯಲ್ಲಿ ಮೆಟ್ಟಿಲು ಇರುವ ಕಡೆ ಮೆಟ್ಟಿಲು, ಇಲ್ಲದ ಕಡೆ ಬರೀ ಬಂಡೆ. ನೂರಾರು ವರ್ಷ ಜನ ನಡೆದು ನಡೆದು ಕೆಲವು ಕಡೆ ಕಲ್ಲು ಕನ್ನಡಿಯ ಹಾಗೆ ನುಣುಪಾಗಿದೆ. ಬೆಳಿಗ್ಗೆ ಇಬ್ಬನಿ ಬಿದ್ದಿದ್ದರೆ ಜಾರುತ್ತದೆ. ಅಡಿಯಲ್ಲಿ ಗೀರುಗೀರು ಇರುವ ರಬ್ಬರ್ ಶೂ ಬೇಕು, ಅದೂ ಹಳೆಯದು, ಕಾಲಿಗೆ ಪಳಗಿದ್ದು. ಒಂದು ಸಲ ನಮ್ಮ ಚಿಕ್ಕಮ್ಮ ಪ್ರವಾಸಕ್ಕೆ ಅಂತಲೇ ಹೊಸ ಚಪ್ಪಲಿ ತಗೊಂಡು ಬಂದಿದ್ದರು. ಅರ್ಧ ಕೋಟೆ ಹತ್ತುವಷ್ಟರಲ್ಲಿ ಒಂದು ಚಪ್ಪಲಿಯ ಅಟ್ಟೆ ಬಿಟ್ಟುಕೊಂಡಿತು. ವೇಲ್ ಹರಿದು ಕಾಲಿಗೆ ಸುತ್ತಿ, ಮಧ್ಯಾಹ್ನದ ಬಿಸಿಲಲ್ಲಿ ಒಂದೊಂದೇ ಹೆಜ್ಜೆ ಇಳಿಸಿಕೊಂಡು ಬಂದೆವು. ಕೆಳಗೆ ಬರುವಷ್ಟರಲ್ಲಿ ಅವರ ಅಂಗಾಲಲ್ಲಿ ಬೊಬ್ಬೆ. ಆ ದಿನ ಅವರು ಓಬವ್ವನ ಕಿಂಡಿ ನೋಡಲೇ ಇಲ್ಲ. ನನಗೆ ಈಗಲೂ ಆ ಬೇಜಾರಿದೆ.

ಎರಡನೆಯದು ಬಟ್ಟೆ. ದಪ್ಪ ಸ್ವೆಟರ್ ಒಂದರ ಬದಲು ತೆಳ್ಳಗಿನ ಎರಡು ಪದರ ಇಟ್ಟುಕೊಳ್ಳಿ. ಒಳಗೆ ಹತ್ತಿ ಅಂಗಿ, ಮೇಲೆ ಒಂದು ಜಿಪ್ ಇರುವ ಜಾಕೆಟ್. ಬೆಳಿಗ್ಗೆ ಹಾಕಿ, ಒಂಬತ್ತಕ್ಕೆ ಬಿಚ್ಚಿ ಮಡಚಿ ಬ್ಯಾಗಿಗೆ ಹಾಕುವಷ್ಟು ಹಗುರ ಇರಬೇಕು. ಕಿವಿ ಮುಚ್ಚುವ ಟೋಪಿ ಅಥವಾ ಮಫ್ಲರ್ ಮರೆಯಬೇಡಿ, ಬೆಟ್ಟದ ಮೇಲೆ ಗಾಳಿಗೆ ಅಡ್ಡ ಏನೂ ಇಲ್ಲ, ಮೊದಲು ಹಿಡಿಯುವುದು ಕಿವಿಯನ್ನೇ. ಸೀರೆ ಉಡುವವರು ಕೋಟೆಯ ದಿನ ಒಂದಿನ ಚೂಡಿದಾರ್ ಹಾಕಿಕೊಂಡರೆ ಹತ್ತೋಕೆ ಸುಲಭ. ಸೀರೆಯೇ ಸರಿ ಅನ್ನುವವರು ಸೆರಗು ಬಿಗಿಯಾಗಿ ಸಿಕ್ಕಿಸಿ, ನೆರಿಗೆ ಸ್ವಲ್ಪ ಮೇಲೆತ್ತಿ ಉಡಿ. ನಮ್ಮಜ್ಜಿ ಹಾಗೆಯೇ ಹತ್ತುತ್ತಿದ್ದರು.

ಬ್ಯಾಗ್ ಬೆನ್ನಿಗೆ ಹಾಕುವಂಥದ್ದೇ ಇರಲಿ. ಎರಡೂ ಕೈ ಖಾಲಿ ಇರಬೇಕು, ಬಂಡೆ ಹಿಡಿಯೋಕೆ ಬೇಕಾಗುತ್ತದೆ. ಅದರೊಳಗೆ ಇವಿಷ್ಟು ಸಾಕು:

- ತಲೆಗೊಂದಕ್ಕೆ ಕನಿಷ್ಠ ಒಂದು ಲೀಟರ್ ನೀರು. ಮೇಲೆ ಅಂಗಡಿ ಸಾಲು ಇದೆ ಅಂದುಕೊಳ್ಳಬೇಡಿ.
- ಬಿಸಿಲಿಗೆ ಟೋಪಿ. ಹೌದು, ಚಳಿಗಾಲದಲ್ಲೂ.
- ಒಳ್ಳೆಯ ಟಾರ್ಚ್. ಚಂದ್ರವಳ್ಳಿ ಗುಹೆಗೆ ಬೇಕೇ ಬೇಕು, ಮೊಬೈಲ್ ಬೆಳಕು ಸಾಲುವುದಿಲ್ಲ.
- ತುಟಿಗೆ, ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್. ನಮ್ಮ ಕಡೆಯದು ಒಣ ಚಳಿ, ಎರಡೇ ದಿನದಲ್ಲಿ ಚರ್ಮ ಬಿರಿಯುತ್ತದೆ.
- ಶೇಂಗಾ ಚಿಕ್ಕಿ, ಬಾಳೆಹಣ್ಣು ಏನಾದರೂ. ಆದರೆ ಬಟ್ಟೆ ಚೀಲದಲ್ಲಿ, ಜಿಪ್ ಹಾಕಿದ ಬ್ಯಾಗಿನ ಒಳಗೆ.

ಕೊನೆಯ ಮಾತು ಕೋತಿಗಳಿಗಾಗಿ. ಅವಕ್ಕೆ ಪ್ಲಾಸ್ಟಿಕ್ ಕವರಿನ ಸದ್ದು ಗೊತ್ತು. ಕೈಯಲ್ಲಿ ಕವರ್ ಕಂಡರೆ ತಿಂಡಿ ಅಂತಲೇ ಲೆಕ್ಕ. ಕಿತ್ತುಕೊಳ್ಳಲು ಬಂದರೆ ಬಿಟ್ಟುಬಿಡಿ, ಎಳೆದಾಡಬೇಡಿ. ಮಕ್ಕಳ ಕೈಗೆ ಬಿಸ್ಕತ್ ಪೊಟ್ಟಣ ಕೊಟ್ಟು ಮುಂದೆ ನಡೆಸಬೇಡಿ.

ದೊಡ್ಡ ಸೂಟ್‌ಕೇಸ್, ಹೀಲ್ಸ್, ದಪ್ಪ ರಗ್ಗು ಇವೆಲ್ಲ ಮನೆಯಲ್ಲೇ ಇರಲಿ.

ತಲುಪುವುದು

ಬೆಂಗಳೂರಿನಿಂದ ದುರ್ಗ ಸುಮಾರು 200 ಕಿಲೋಮೀಟರ್, ಬಸ್ಸಿನಲ್ಲಿ ನಾಲ್ಕು ಗಂಟೆ ಹಿಡಿಯಿರಿ. ದಾವಣಗೆರೆಯಿಂದ 60 ಕಿಲೋಮೀಟರ್ ಆಸುಪಾಸು, ಒಂದೂವರೆ ಗಂಟೆಯೊಳಗೆ ಬರಬಹುದು, ಬಸ್ಸು ಸಿಗುತ್ತಲೇ ಇರುತ್ತವೆ. ರೈಲಿನಲ್ಲಿ ಬರುವವರಿಗೆ ಒಂದು ಮಾತು: ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗ ದುರ್ಗದ ಮೇಲೆ ಹಾದುಹೋಗುವುದಿಲ್ಲ. ಅದು ಚಿಕ್ಕಜಾಜೂರು, ದಾವಣಗೆರೆ ಮೇಲೆ ಹೋಗುತ್ತದೆ. ದುರ್ಗ ಇರುವುದು ಚಿಕ್ಕಜಾಜೂರಿನಿಂದ ಬಳ್ಳಾರಿ ಕಡೆ ಹೋಗುವ ಮಾರ್ಗದಲ್ಲಿ, ಅಲ್ಲಿ ಓಡುವ ರೈಲು ಕಡಿಮೆ. ಹಾಗಾಗಿ ದಾವಣಗೆರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಬಸ್ ಹಿಡಿಯುವುದು ಎಷ್ಟೋ ವಾಸಿ.

ರಾತ್ರಿ ಬಸ್ಸಿನಲ್ಲಿ ಬರುವವರು ಟಿಕೆಟ್ ತೆಗೆಯುವಾಗಲೇ ಒಂದು ಪ್ರಶ್ನೆ ಕೇಳಿ: ಬಸ್ಸು ಊರೊಳಗಿನ ನಿಲ್ದಾಣಕ್ಕೆ ಬರುತ್ತದೋ ಅಥವಾ ಬೈಪಾಸಿನಲ್ಲೇ ಇಳಿಸುತ್ತದೋ? ದೂರ ಹೋಗುವ ಬಸ್ಸುಗಳು ಎಷ್ಟೋ ಸಲ ಹೆದ್ದಾರಿಯಲ್ಲೇ ಇಳಿಸಿ ಹೊರಟುಬಿಡುತ್ತವೆ. ಒಂದು ಜನವರಿಯಲ್ಲಿ ನಮ್ಮನ್ನೂ ಹಾಗೆ ಬೆಳಗಿನ ಜಾವ ನಾಲ್ಕಕ್ಕೆ ಇಳಿಸಿದ್ದರು. ಜೊತೆಗೆ ಐದು ವರ್ಷದ ಮಗು. ಆಟೋ ಬರುವವರೆಗೆ ಮಗುವನ್ನು ನನ್ನ ಜಾಕೆಟ್ಟಿನೊಳಗೆ ಸುತ್ತಿ ಹಿಡಿದುಕೊಂಡು ನಿಂತಿದ್ದೆ. ಅದಕ್ಕೇ ಜಾಕೆಟ್, ಮಫ್ಲರ್ ಬ್ಯಾಗಿನ ತಳದಲ್ಲಿ ಇಡಬೇಡಿ, ಎಲ್ಲಕ್ಕಿಂತ ಮೇಲೆ ಇಡಿ.

ಉಳಿಯುವ ಜಾಗ ಆದಷ್ಟು ಊರೊಳಗೇ ನೋಡಿ, ಕೋಟೆಗೆ ಆಟೋದಲ್ಲಿ ಹತ್ತು ನಿಮಿಷದಲ್ಲಿ ಹೋಗುವ ಹಾಗಿರಲಿ. ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ ಅಂತ ರಾತ್ರಿಯೇ ಕೇಳಿಕೊಳ್ಳಿ. ಬೆಳಿಗ್ಗೆ ಬೇಗ ಹೊರಡಬೇಕು.

ಮೊದಲ ದಿನ ಬೆಳಿಗ್ಗೆ: ಕೋಟೆ

ಏಳು, ಏಳೂವರೆಗೆ ಕೋಟೆ ಬಾಗಿಲಲ್ಲಿರಿ. ಟಿಕೆಟ್ ಇದೆ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಒಳಗೆ ಹೋಗುವ ಮೊದಲು ಒಂದು ಲೋಟ ಟೀ ಕುಡಿದು, ಶೌಚಾಲಯದ ಕೆಲಸ ಮುಗಿಸಿಕೊಳ್ಳಿ. ಅರ್ಧ ದಿನ ಬೇಕು, ನಾಲ್ಕು ಗಂಟೆಗಿಂತ ಕಡಿಮೆ ಇಟ್ಟುಕೊಂಡರೆ ಓಡಿಕೊಂಡು ನೋಡಿದ ಹಾಗಾಗುತ್ತದೆ.

ಒಳಗೆ ಹೋಗುತ್ತಿದ್ದ ಹಾಗೆ ದಾರಿ ನೇರ ಇಲ್ಲ ಅನ್ನುವುದು ಗೊತ್ತಾಗುತ್ತದೆ. ಒಂದು ಬಾಗಿಲು ದಾಟಿ ತಿರುಗಬೇಕು, ಇನ್ನೊಂದು ದಾಟಿ ಮತ್ತೆ ತಿರುಗಬೇಕು. ಆನೆ ಓಡಿ ಬಂದು ಬಾಗಿಲು ಗುದ್ದಬಾರದು, ಓಟಕ್ಕೆ ಜಾಗವೇ ಸಿಗಬಾರದು ಅಂತ ಹೀಗೆ ಕಟ್ಟಿದ್ದಾರೆ. ಏಳು ಸುತ್ತಿನ ಕೋಟೆ ಅನ್ನುವುದು ಬಾಯಿಮಾತಾಗಿಬಿಟ್ಟಿದೆ, ಆದರೆ ಆ ತಿರುವುಗಳಲ್ಲಿ ನಡೆದಾಗ ಮಾತ್ರ ಅದರ ಅರ್ಥ ಆಗುತ್ತದೆ. ಗೋಡೆಯ ಹತ್ತಿರ ಹೋಗಿ ಕಲ್ಲುಗಳ ಸಂದಿ ನೋಡಿ. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಜಾಗಗಳಲ್ಲಿ ಉಗುರು ತೂರಿಸೋಕೂ ಆಗಲ್ಲ. ಬಂಡೆಗಳ ಮೇಲೆ ಸಾಲಾಗಿ ಚೌಕ ಚೌಕ ಗುಳಿ ಕಾಣುತ್ತವೆ, ಅದು ಕಲ್ಲು ಸೀಳಲು ಕೊರೆದ ಗುರುತು. ಕೋಟೆಗೆ ಬೇಕಾದ ಕಲ್ಲು ಈ ಬೆಟ್ಟದ್ದೇ.

ಮದ್ದು ಬೀಸುವ ಕಲ್ಲುಗಳ ಹತ್ತಿರ ಸ್ವಲ್ಪ ನಿಲ್ಲಿ. ತಗ್ಗಿನಲ್ಲಿ ಆಳೆತ್ತರದ ಬೀಸುವ ಕಲ್ಲುಗಳಿವೆ, ಕೋವಿಮದ್ದು ಅರೆಯೋಕೆ. ಮಕ್ಕಳಿಗೆ ಇದು ತುಂಬ ಇಷ್ಟವಾಗುತ್ತದೆ, ಮನೆಯಲ್ಲಿ ರಾಗಿ ಬೀಸುವ ಕಲ್ಲು ನೋಡಿದವರಿಗಂತೂ ತಕ್ಷಣ ಹೊಳೆಯುತ್ತದೆ.

ಮೇಲೆ ಹತ್ತಿದರೆ ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ ಗುಡಿಗಳು, ಉಯ್ಯಾಲೆ ಕಂಬ, ದೀಪದ ಕಂಬ. ಇಲ್ಲೇ ಮರದ ನೆರಳಲ್ಲಿ ಕೂತು ಚಿಕ್ಕಿ ತಿನ್ನಿ, ಜಾಕೆಟ್ ಬಿಚ್ಚುವ ಹೊತ್ತೂ ಅದೇ. ಅರಮನೆ ಇದ್ದ ಜಾಗದಲ್ಲಿ ಈಗ ಮಣ್ಣಿನ ಗೋಡೆಗಳು ಮಾತ್ರ ಉಳಿದಿವೆ. ಆದರೆ ಎಂಥ ಗೋಡೆಗಳು! ಬರೀ ಮಣ್ಣು, ಅಷ್ಟು ಎತ್ತರ, ಇಷ್ಟು ಮಳೆಗಾಲ ಕಂಡು ಇನ್ನೂ ನಿಂತಿವೆ. ದಯವಿಟ್ಟು ಅವುಗಳ ಮೇಲೆ ಹತ್ತಬೇಡಿ, ಹೆಸರು ಕೆತ್ತಬೇಡಿ. ಕೆತ್ತಿರುವುದನ್ನು ಕಂಡಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ನೀರಿನ ಏರ್ಪಾಡು ನೋಡದೆ ಬರಬೇಡಿ. ಹೆಚ್ಚಿನವರು ಹೊಂಡದ ಮುಂದೆ ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಈ ಬೆಟ್ಟದ ಮೇಲೆ ನದಿ ಇಲ್ಲ, ಹಳ್ಳ ಇಲ್ಲ. ಬಂಡೆ ಮೇಲೆ ಬಿದ್ದ ಮಳೆಯೇ ಎಲ್ಲ. ಅದು ಮೇಲೆ ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ, ಅದು ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಒಂದು ತುಂಬಿದ ಮೇಲೆ ಇನ್ನೊಂದು. ಮಳೆ ಕಡಿಮೆ ಬೀಳುವ ಈ ಸೀಮೆಯಲ್ಲಿ ಮುತ್ತಿಗೆ ಹಾಕಿದವರು ತಿಂಗಳುಗಟ್ಟಲೆ ಹೊರಗೆ ಕೂತರೂ ಒಳಗಿನವರು ತಡೆದುಕೊಂಡದ್ದು ಈ ನೀರಿನಿಂದ. ಚಳಿಗಾಲದಲ್ಲಿ ಹೊಂಡಗಳಲ್ಲಿ ನೀರು ಇನ್ನೂ ಇರುತ್ತದೆ, ಅದಕ್ಕೂ ಇದು ಒಳ್ಳೆಯ ಕಾಲ. ಮೇಲೆ ಗೋಪಾಲಸ್ವಾಮಿ ಹೊಂಡ ನೋಡಿದವರು ಸಂಜೆ ಊರೊಳಗೆ ಸಂತೆಹೊಂಡವನ್ನೂ ನೋಡಿ, ಸರಪಳಿ ಪೂರ್ತಿ ಆಗುತ್ತದೆ.

ಓಬವ್ವನ ಕಿಂಡಿಗೆ ಹೋಗುವಾಗ ಬೆನ್ನಿನ ಬ್ಯಾಗ್ ಬಿಚ್ಚಿ ಜೊತೆಯವರ ಕೈಗೆ ಕೊಡಿ. ತಲೆ ಬಗ್ಗಿಸಿ, ಭುಜ ಓರೆ ಮಾಡಿ ನುಗ್ಗಬೇಕಾದ ಸಂದು ಅದು. ಕಾವಲುಗಾರ ಗಂಡ ಊಟಕ್ಕೆ ಕೂತಾಗ ನೀರಿಗೆ ಬಂದ ಓಬವ್ವ ಇಲ್ಲಿ ಹೈದರಾಲಿಯ ಸೈನಿಕರು ನುಸುಳುವ ಸದ್ದು ಕೇಳಿ ಒನಕೆ ಹಿಡಿದು ನಿಂತಳು ಅಂತ ಕೇಳುತ್ತಾ ಬೆಳೆದವರು ನಾವು. ಒಳಗೆ ತಲೆ ಹಾಕಿ ನೋಡಿ: ಒಂದು ಸಲಕ್ಕೆ ಒಬ್ಬನೇ ಬರಬಹುದು, ಅವನೂ ಮೊದಲು ತಲೆಯನ್ನೇ ಹೊರಗೆ ಹಾಕಬೇಕು. ಕಥೆ ಕೇಳುವಾಗ ನಂಬಲಾಗದ್ದು ಅಲ್ಲಿ ಬಗ್ಗಿದಾಗ ಮೈಗೇ ತಿಳಿಯುತ್ತದೆ. ಪಕ್ಕದಲ್ಲೇ ತಣ್ಣೀರು ದೋಣಿ ಇದೆ. ಹೆಸರಿನ ಹಾಗೆ ನೀರು ತಣ್ಣಗಿರುತ್ತದೆ. ಕೋಟೆ ಕೊನೆಗೆ ಹೈದರನ ಕೈಸೇರಿದ್ದು 1779ರಲ್ಲಿ, ಮದಕರಿ ನಾಯಕನ ಕಾಲದಲ್ಲಿ.

ತುಪ್ಪದ ಕೊಳ ಹತ್ತಬೇಕೋ ಬೇಡವೋ ಅನ್ನುವುದು ನಿಮ್ಮ ಮೊಣಕಾಲಿಗೆ ಬಿಟ್ಟಿದ್ದು. ಬೋಳು ಬಂಡೆಯ ಮೇಲೆ ಕಾಲಿಡೋಕೆ ಸಣ್ಣ ಸಣ್ಣ ಕಚ್ಚು ಕೊರೆದಿದ್ದಾರೆ, ಮುಂಗಾಲು ಮಾತ್ರ ಹಿಡಿಯುವಷ್ಟು. ಬಂಡೆಗೆ ಬಿಸಿಲು ಬಿದ್ದು ಇಬ್ಬನಿ ಆರಿದ ಮೇಲೆಯೇ ಹತ್ತಿ. ಹತ್ತುವುದು ಸುಲಭ, ಇಳಿಯುವುದು ಕಷ್ಟ. ಇಳಿಯುವಾಗ ಬಂಡೆಗೆ ಮುಖ ಮಾಡಿ, ಏಣಿ ಇಳಿಯುವ ಹಾಗೆ ಇಳಿಯಿರಿ. ಮೇಲಿಂದ ಇಡೀ ದುರ್ಗ, ಸುತ್ತಲಿನ ಗುಡ್ಡಗಳು, ಅವುಗಳ ನೆತ್ತಿಯ ಗಾಳಿಯಂತ್ರಗಳು ಕಾಣುತ್ತವೆ. ಮಕ್ಕಳನ್ನು, ತಲೆಸುತ್ತು ಇರುವವರನ್ನು ಹತ್ತಿಸಬೇಡಿ. ಫೋಟೋಗೆ ಅಂತ ಅಂಚಿಗೆ ಹೋಗಬೇಡಿ.

ಹನ್ನೊಂದೂವರೆ ಹೊತ್ತಿಗೆ ಕೆಳಗೆ ಇಳಿಯಿರಿ.

ಮಧ್ಯಾಹ್ನ ಮಲಗಿ, ಮೂರಕ್ಕೆ ಚಂದ್ರವಳ್ಳಿ

ಊಟಕ್ಕೆ ಜೋಳದ ರೊಟ್ಟಿ ಸಿಗುವ ಖಾನಾವಳಿ ಹುಡುಕಿ. ಅವರೆಕಾಯಿ ಕಾಲ ಇದು, ಅವರೆಕಾಳಿನ ಸಾರು ಇದ್ದರೆ ಅದನ್ನೇ ಹೇಳಿ. ಆಮೇಲೆ ಒಂದು ಗಂಟೆ ಮಲಗಿ. ಸುಮ್ನೆ ಹೇಳುತ್ತಿಲ್ಲ, ಕಾಲಿಗೆ ವಿಶ್ರಾಂತಿ ಬೇಕು. ರಂಗಯ್ಯನ ಬಾಗಿಲಿನ ಹತ್ತಿರದ ಮ್ಯೂಸಿಯಂ ಚಿಕ್ಕದು, ಹೋಗುವ ದಾರಿಯಲ್ಲಿ ನೋಡಿಬಿಡಬಹುದು.

ಚಂದ್ರವಳ್ಳಿ ಊರಿಗೆ ತಾಗಿಕೊಂಡೇ ಇದೆ. ಗುಡ್ಡಗಳ ನಡುವೆ ಕೆರೆ, ಸಂಜೆಯ ಎಳೆ ಬಿಸಿಲು, ಚಳಿಗಾಲದಲ್ಲಿ ಇಷ್ಟು ಒಳ್ಳೆಯ ಜಾಗ ದುರ್ಗದಲ್ಲಿ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕೋಟೆಗಿಂತ ಇದು ಎಷ್ಟೋ ಹಳೆಯದು. ಕದಂಬರ ಮಯೂರಶರ್ಮನ ಶಾಸನ ಇಲ್ಲಿ ಬಂಡೆಯ ಮೇಲಿದೆ, ಅದರಲ್ಲಿ ಹೇಳಿರುವುದು ಕೆರೆಯ ವಿಷಯವೇ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆದು ನೋಡಿದ್ದರು. ಶಾತವಾಹನರ ನಾಣ್ಯ, ರೋಮನ್ ನಾಣ್ಯ ಸಿಕ್ಕ ಜಾಗ ಇದು.

ಅಂಕಲಿ ಮಠದ ಗುಹೆಗೆ ಒಬ್ಬರೇ ಇಳಿಯಬೇಡಿ. ಕೋಣೆಯಿಂದ ಕೋಣೆಗೆ ಸಣ್ಣ ಸಣ್ಣ ಬಾಗಿಲು, ಒಳಗೆ ಕಗ್ಗತ್ತಲು, ದಾರಿ ತಪ್ಪುವುದು ಸುಲಭ. ಅಲ್ಲೇ ದಾರಿ ತೋರಿಸುವವರು ಸಿಗುತ್ತಾರೆ, ದುಡ್ಡು ಮೊದಲೇ ಮಾತಾಡಿಕೊಂಡು ಅವರ ಹಿಂದೆ ಹೋಗಿ. ಬಗ್ಗಿ ನಡೆಯಬೇಕಾದ್ದರಿಂದ ಟೋಪಿ ಹಾಕಿಕೊಂಡಿದ್ದರೆ ತಲೆ ಉಳಿಯುತ್ತದೆ. ಉಸಿರಾಟದ ತೊಂದರೆ ಇರುವವರು ಕೆರೆ ದಡದಲ್ಲೇ ಕೂತಿರಲಿ. ಗುಡ್ಡದ ಮರೆ ಇರುವುದರಿಂದ ಇಲ್ಲಿ ಹೊತ್ತು ಬೇಗ ಮುಳುಗುತ್ತದೆ, ಐದೂವರೆಗೆ ಜಾಕೆಟ್ ಬೇಕೆನಿಸುತ್ತದೆ. ಅಷ್ಟರಲ್ಲಿ ಹೊರಡಿ.

ಎರಡನೇ ದಿನ

ಇಲ್ಲಿ ಒಂದನ್ನೇ ಆರಿಸಿ. ಎಲ್ಲ ನೋಡಲು ಹೋದರೆ ಇಡೀ ದಿನ ಬಸ್ಸಿನಲ್ಲೇ ಕಳೆಯುತ್ತದೆ.

ಕಾಡು, ಗಾಳಿ ಬೇಕು ಅನ್ನುವವರು ಬೆಳಿಗ್ಗೆ ಜೋಗಿಮಟ್ಟಿ ಬೆಟ್ಟಕ್ಕೆ ಹೋಗಿ. ಅರಣ್ಯ ಇಲಾಖೆಯ ಗೇಟ್ ಇದೆ, ಬಿಡುವ ಸಮಯವನ್ನು ಹಿಂದಿನ ದಿನವೇ ವಿಚಾರಿಸಿ. ಸ್ವಂತ ಗಾಡಿ ಅಥವಾ ಬಾಡಿಗೆ ಆಟೋ ಬೇಕು. ಅಲ್ಲಿಗೆ ಮಾತ್ರ ದಪ್ಪ ಜಾಕೆಟ್ ಇದ್ದರೂ ಜಾಸ್ತಿ ಆಗಲ್ಲ.

ನೀರು ನೋಡಬೇಕು ಅನ್ನುವವರು ಹಿರಿಯೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ವಾಣಿವಿಲಾಸ ಸಾಗರಕ್ಕೆ ಹೋಗಿ. ನಮಗೆಲ್ಲ ಅದು ಮಾರಿಕಣಿವೆ. ವೇದಾವತಿಗೆ ಅಡ್ಡವಾಗಿ ಎರಡು ಗುಡ್ಡಗಳ ನಡುವೆ ಕಟ್ಟಿ 1907ರಲ್ಲಿ ಮುಗಿಸಿದ ಅಣೆಕಟ್ಟು. 1933ರ ನಂತರ ಅದು ಕೋಡಿ ಬಿದ್ದಿದ್ದು 2022ರಲ್ಲೇ. ಎಂಬತ್ತೊಂಬತ್ತು ವರ್ಷ! ಅವತ್ತು ನಮ್ಮ ಮನೆಯ ಹಿರಿಯರು ಬಸ್ ಹಿಡಿದು ಹೋಗಿ ನೋಡಿ, ಕಣ್ಣಲ್ಲಿ ನೀರು ತುಂಬಿಕೊಂಡು ಬಂದಿದ್ದರು. ಬೆಂಗಳೂರಿಗೆ ವಾಪಸ್ ಹೋಗುವವರಿಗೆ ಹಿರಿಯೂರು ದಾರಿಯಲ್ಲೇ ಸಿಗುತ್ತದೆ.

ಕಂಬಳಿ ಬೇಕಾದವರು ಚಳ್ಳಕೆರೆ ಕಡೆ ಹೋಗಿ. ಕುರಿ ಉಣ್ಣೆಯ ಕೈಮಗ್ಗದ ಕಂಬಳಿಗೆ ಹೆಸರಾದ ಊರು. ತಗೊಳ್ಳುವಾಗ ಬೆಳಕಿಗೆ ಹಿಡಿದು ನೇಯ್ಗೆ ಒತ್ತಾಗಿದೆಯಾ ನೋಡಿ, ಅಂಚು ಎಳೆದು ನೋಡಿ. ಹೊಸ ಕಂಬಳಿ ಚುಚ್ಚುತ್ತದೆ, ಉಣ್ಣೆಯ ವಾಸನೆಯೂ ಇರುತ್ತದೆ. ನಾಲ್ಕು ದಿನ ಬಿಸಿಲಿಗೆ ಹಾಕಿ, ಒಳಗೆ ಒಂದು ಹತ್ತಿ ಬೆಡ್‌ಶೀಟ್ ಹೊದ್ದುಕೊಂಡರೆ ಆಯಿತು. ಭಾರ ಇರುತ್ತದೆ, ಅದಕ್ಕೇ ಬರುವಾಗ ಬ್ಯಾಗಿನಲ್ಲಿ ಜಾಗ ಬಿಟ್ಟುಕೊಂಡು ಬನ್ನಿ ಅಂತ ಹೇಳುವುದು.

ವಾಪಸ್ ದಾರಿಯಲ್ಲಿ ದಾವಣಗೆರೆ

ರೈಲಿನಲ್ಲಿ ಹೋಗುವವರು ದಾವಣಗೆರೆಯಲ್ಲಿ ಮೂರು ನಾಲ್ಕು ಗಂಟೆ ಇಟ್ಟುಕೊಳ್ಳಿ. ಸಮಯ ಇನ್ನೂ ಇದ್ದರೆ ಹದಿನೈದು ಕಿಲೋಮೀಟರ್ ಆಚೆ ತುಂಗಭದ್ರೆಯ ದಡದ ಹರಿಹರಕ್ಕೆ ಹೋಗಿ ಹರಿಹರೇಶ್ವರನ ಗುಡಿ ನೋಡಿ. ಹೊಯ್ಸಳರ ಕಾಲದ್ದು, 1224ರದು. ಅರ್ಧ ಹರಿ, ಅರ್ಧ ಹರನ ಮೂರ್ತಿ. ಒಳಗಿನ ಕಂಬಗಳ ಹೊಳಪು ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಸಮಯ ಇಲ್ಲದಿದ್ದರೆ ಕುಂದವಾಡ ಕೆರೆ ಏರಿಯ ಮೇಲೆ ಒಂದು ಸುತ್ತು, ಹತ್ತಿರದ ಗಾಜಿನ ಮನೆ. ಅಷ್ಟೇ ಸಾಕು.

ಬೆಣ್ಣೆ ದೋಸೆಯ ವಿಷಯದಲ್ಲಿ ಒಂದೇ ಮಾತು: ಕಾವಲಿಯ ಹತ್ತಿರದ ಟೇಬಲ್ ಹಿಡಿಯಿರಿ. ಚಳಿಗಾಲದಲ್ಲಿ ಬೆಣ್ಣೆ ಬೇಗ ಹೆಪ್ಪುಗಟ್ಟುತ್ತದೆ, ದೋಸೆ ತಟ್ಟೆಗೆ ಬಿದ್ದು ಐದು ನಿಮಿಷ ಆದರೆ ಗರಿಗರಿ ಹೋಗುತ್ತದೆ. ಎಲ್ಲರಿಗೂ ಒಟ್ಟಿಗೆ ಬರಲಿ ಅಂತ ಕಾಯಬೇಡಿ, ಯಾರದು ಮೊದಲು ಬರುತ್ತದೋ ಅವರು ತಿನ್ನಲಿ. ಬಿಳಿ ಆಲೂಗಡ್ಡೆ ಪಲ್ಯ, ತೆಳ್ಳಗಿನ ಕಾಯಿ ಚಟ್ನಿ, ಮೇಲೆ ಬೆಣ್ಣೆ. ಸಾಂಬಾರ್ ಕೇಳಬೇಡಿ, ಇಲ್ಲಿ ಪದ್ಧತಿ ಇಲ್ಲ. ಮಧ್ಯಾಹ್ನ ಕೆಲವು ಹೋಟೆಲ್ ಬಾಗಿಲು ಹಾಕುತ್ತಾರೆ, ಬೆಳಿಗ್ಗೆ ಅಥವಾ ಸಂಜೆ ಹೋಗಿ.

ರೈಲಿಗೆ ಖಾರ ಮಂಡಕ್ಕಿ, ಬಿಸಿ ಮಿರ್ಚಿ ಕಟ್ಟಿಸಿಕೊಳ್ಳಿ. ಮಂಡಕ್ಕಿ ಒಂದು ಪೊಟ್ಟಣ, ಈರುಳ್ಳಿ ಟೊಮ್ಯಾಟೊ ಬೇರೆ ಪೊಟ್ಟಣ ಅಂತ ಹೇಳಿ ಕಟ್ಟಿಸಿ. ತಿನ್ನುವಾಗಲೇ ಕಲಸಿಕೊಳ್ಳಿ, ಇಲ್ಲದಿದ್ದರೆ ಚಿಕ್ಕಜಾಜೂರು ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ.